ಕಟ್ಟುನಿಟ್ಟಿನ ಮೇಷ್ಟರು ಮಕ್ಕಳ ಕಣ್ಣಿಗೆ ಕಾಣುವ ಬಗೆ

ನಮ್ಮ ಕಡೆ ಈಗ ಗುರುವಂದನೆಯ ಕಾಲ. ಇಪ್ಪತ್ತು, ಇಪ್ಪತ್ತೈದು ವರ್ಷಗಳ ಹಿಂದೆ ಎಸ್.ಎಸ್.ಎಲ್.ಸಿ. ಮುಗಿಸಿದವರು ವಾಟ್ಸಾಪಿನಲ್ಲಿ ಗುಂಪು ಕಟ್ಟಿಕೊಂಡು, ಒಬ್ಬರನ್ನೊಬ್ಬರು ಹುಡುಕಿ, ಯಾವುದಾದರೊಂದು ಭಾನುವಾರ ಹಳೆಯ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸುತ್ತಾರೆ. ನಿವೃತ್ತರಾದ ಉಪಾಧ್ಯಾಯರನ್ನೆಲ್ಲ ಕರೆಸಿ, ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿಯನ್ನು ಕೈಗಿತ್ತು ಕಾಲಿಗೆರಗುತ್ತಾರೆ. ಹೆಸರಘಟ್ಟದ ಸುತ್ತಮುತ್ತ ವರ್ಷಕ್ಕೆ ನಾಲ್ಕಾರು ಇಂತಹ ಸಮಾರಂಭಗಳು ನಡೆಯುತ್ತವೆ. ಈ ಪ್ರೀತಿಯನ್ನು ಕಂಡು ಕಣ್ಣು ತೇವವಾಗದ ಉಪಾಧ್ಯಾಯನಿಲ್ಲ.

ಇಂತಹ ಪ್ರತಿಯೊಂದು ಸಭೆಯಲ್ಲೂ ಒಬ್ಬರಾದರೂ ಎದ್ದು ನಿಂತು ಆಡುವ ಮಾತೊಂದಿದೆ: “ಅಂದು ನಮ್ಮ ಮೇಷ್ಟ್ರು ಬೆತ್ತದಲ್ಲಿ ಬಾರಿಸಿದ್ದರಿಂದಲೇ ಇಂದು ನಾವು ಮನುಷ್ಯರಾಗಿದ್ದೇವೆ. ಈಗಿನ ಮಕ್ಕಳಿಗೆ ಆ ಭಾಗ್ಯವಿಲ್ಲ.” ಕೂಡಲೇ ಚಪ್ಪಾಳೆ. ವೇದಿಕೆಯ ಮೇಲಿರುವ ನಾವೂ ತಲೆದೂಗುತ್ತೇವೆ. ಈ ಮಾತಿನ ಬಗ್ಗೆಯೇ ಇಂದು ನಾಲ್ಕು ಮಾತು ಬರೆಯಬೇಕೆನಿಸಿದೆ. ಕಾರಣ, ಶಾಲಾ ಶಿಕ್ಷಣದ ಕುರಿತು ನಮ್ಮ ಸಮಾಜದಲ್ಲಿ ನಡೆಯುವ ವಾದಗಳಿಗೆಲ್ಲ ಇದೊಂದು ಬಲವಾದ ಸಾಕ್ಷ್ಯವೆಂಬಂತೆ ಬಳಕೆಯಾಗುತ್ತಿದೆ. ಸಾಕ್ಷ್ಯವೆಂದ ಮೇಲೆ ಅದನ್ನು ಪರಿಶೀಲಿಸುವುದು ನ್ಯಾಯವಲ್ಲವೇ?

ಶಾಮಿಯಾನದ ಕೆಳಗೆ ಕುಳಿತವರು ಯಾರೆಂದು ನೋಡಿ. ಹತ್ತನೆಯ ತರಗತಿಯವರೆಗೆ ಶಾಲೆಯಲ್ಲಿ ಉಳಿದವರು; ಪರೀಕ್ಷೆ ದಾಟಿದವರು; ಒಂದು ಉದ್ಯೋಗ, ಒಂದು ಅಂಗಡಿ, ಒಂದು ತೋಟ ಎಂದು ನೆಲೆ ಕಂಡುಕೊಂಡವರು. ಎಂಟನೆಯ ತರಗತಿಯ ಹಾಜರಿ ಪುಸ್ತಕದಲ್ಲಿದ್ದು ಒಂಬತ್ತಕ್ಕೆ ಕಾಣದಾದ ಹೆಸರುಗಳನ್ನು ಯಾರೂ ಹುಡುಕಿ ಕರೆಯುವುದಿಲ್ಲ. ಕರೆದರೂ ಅವರು ಬರುವುದಿಲ್ಲ. ಏಟು ತಿಂದು ಉಳಿದವರು ಏಟಿಗೆ ಜಯಕಾರ ಹಾಕುತ್ತಾರೆ. ಏಟಿಗೆ ಹೆದರಿ ಹೋದವರು ಮನೆಯಲ್ಲೇ ಇರುತ್ತಾರೆ. ಒಂದೇ ಕಡೆಯ ಸಾಕ್ಷಿಗಳನ್ನು ಕೇಳಿ ಯಾವ ನ್ಯಾಯಾಧೀಶರೂ ತೀರ್ಪು ಬರೆಯಲಾರರು.

ಶಿಸ್ತಿಗೆ ನಾನು ವಿರೋಧಿಯೆಂದು ಯಾರೂ ಭಾವಿಸಬಾರದು. ಮೂರು ದಶಕಗಳಿಗೂ ಮೀರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ನನಗೆ ಕಟ್ಟುನಿಟ್ಟಿನ ಮೇಷ್ಟ್ರೆಂಬ ಹೆಸರಿತ್ತು. ಗಂಟೆ ಬಾರಿಸುವುದಕ್ಕೂ ನಾನು ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಗುತ್ತಿದ್ದುದರಿಂದ ಮಕ್ಕಳು ನನಗೆ “ಗಂಟೆ ಮೇಷ್ಟ್ರು” ಎಂದು ಅಡ್ಡಹೆಸರಿಟ್ಟಿದ್ದರು. ಆ ಹೆಸರನ್ನು ನಾನು ಈಗಲೂ ಬಿಟ್ಟುಕೊಡಲು ಸಿದ್ಧನಿಲ್ಲ. ಮನೆಗೆಲಸ ಮಾಡದೆ ಬಂದವನು ಮಾಡಿಯೇ ಮನೆಗೆ ಹೋಗಬೇಕೆಂಬುದು, ತಪ್ಪಿದ ಲೆಕ್ಕವನ್ನು ಸರಿಯಾಗುವವರೆಗೆ ಬಿಡಿಸಬೇಕೆಂಬುದು ನನ್ನ ತರಗತಿಯ ಕಟ್ಟಳೆಯಾಗಿತ್ತು. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ” ಎಂಬ ಹಿರಿಯರ ಮಾತಿನಲ್ಲಿ ನನಗೆ ನಂಬಿಕೆಯಿದೆ. ಆದರೆ ಗಿಡವನ್ನು ಬಗ್ಗಿಸುವುದಕ್ಕೂ ಮುರಿಯುವುದಕ್ಕೂ ನಡುವೆ ಇರುವ ಅಂತರವನ್ನು ಮೊದಲು ಅರಿಯುವುದು ಬಗ್ಗಿಸುವವರ ಕೈಯಲ್ಲ, ಗಿಡವೇ. ಆದ್ದರಿಂದ ಉಪಾಧ್ಯಾಯನ ಶಿಸ್ತು ಹೇಗಿತ್ತೆಂಬುದನ್ನು ವಿದ್ಯಾರ್ಥಿಗಳನ್ನೇ ಕೇಳಬೇಕು; ಅದೂ ಅವರು ವಿದ್ಯಾರ್ಥಿಗಳಾಗಿರುವಾಗಲೇ ಕೇಳಬೇಕು.

ಮಕ್ಕಳು ನಮ್ಮನ್ನು ಅಳೆಯುವ ರೀತಿಯೇ ಬೇರೆ. ನಾವು ಉಪಾಧ್ಯಾಯರನ್ನು ಕಟ್ಟುನಿಟ್ಟಿನವರು, ಮೃದು ಸ್ವಭಾವದವರು ಎಂದು ಎರಡು ಪಂಗಡ ಮಾಡುತ್ತೇವೆ. ಶಾಲೆಯ ನಲ್ಲಿಯ ಬಳಿ, ಬಸ್ ನಿಲ್ದಾಣದಲ್ಲಿ ಮಕ್ಕಳು ತಮ್ಮತಮ್ಮೊಳಗೆ ಆಡಿಕೊಳ್ಳುವ ಮಾತಿಗೆ ಕಿವಿಗೊಟ್ಟರೆ ಬೇರೆಯೇ ಪಂಗಡಗಳು ಕಾಣುತ್ತವೆ. “ಆ ಸಾರ್ ಬೈದ್ರೂ ಯಾಕಂತ ಹೇಳಿ ಬೈತಾರೆ.” “ಈ ಮಿಸ್ಸು ಮನೇಲಿ ಜಗಳ ಆಡ್ಕೊಂಡು ಬಂದಿದ್ರೆ ನಮ್ಮೇಲೆ ತೀರಿಸ್ಕೊತಾರೆ.” “ಅವರಿಗೆ ಕ್ವಾರ್ಟರ್ಸ್ ಹುಡುಗ್ರು ಕಂಡ್ರೆ ಒಂಥರಾ, ನಾವು ಕಂಡ್ರೆ ಒಂಥರಾ.” ನಿಯಮ ಎಷ್ಟು ಕಠಿಣವೆಂಬುದು ಈ ಮಾತುಗಳಲ್ಲಿ ಎಲ್ಲಿಯೂ ಇಲ್ಲ. ಕಾರಣ ಹೇಳುತ್ತಾರೆಯೇ, ನಿನ್ನೆಯ ನಿಯಮ ಇಂದಿಗೂ ಇರುತ್ತದೆಯೇ, ಎಲ್ಲರಿಗೂ ಒಂದೇ ಆಗಿರುತ್ತದೆಯೇ ಎಂಬ ಮೂರೇ ಪ್ರಶ್ನೆಗಳಿಂದ ಹದಿಮೂರು ವರ್ಷದ ಮಗು ತನ್ನ ಉಪಾಧ್ಯಾಯರನ್ನು ತೂಗಿಬಿಡುತ್ತದೆ. ಆ ತಕ್ಕಡಿ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆಂಬುದು ನನ್ನ ಅನುಭವ.

ಮೂರನೆಯ ಪ್ರಶ್ನೆಯ ತೂಕ ನಮ್ಮ ಹೆಸರಘಟ್ಟದಂತಹ ಊರಿನಲ್ಲಿ ಇನ್ನೂ ಹೆಚ್ಚು. ಇಲ್ಲಿ ಒಂದು ಕಡೆ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಪಶುಸಂಗೋಪನೆಯ ಕೇಂದ್ರಗಳು, ಅವುಗಳ ನೌಕರರ ವಸತಿಗೃಹಗಳು. ಇನ್ನೊಂದು ಕಡೆ ಐವರಕಂಡಪುರ, ಕಾಕೋಳು, ಬ್ಯಾತ, ಶಿವಕೋಟೆಗಳಂತಹ ಹಳ್ಳಿಗಳು. ವಿಜ್ಞಾನಿಯ ಮಗಳು, ಹೂವು ಬೆಳೆಯುವವರ ಮಗ, ಕಟ್ಟಡದ ಕೂಲಿಗೆಂದು ದೂರದಿಂದ ವಲಸೆ ಬಂದವರ ಮಗು ಒಂದೇ ಬೆಂಚಿನ ಮೇಲೆ ಕುಳಿತ ಕಾಲವನ್ನು ನಾನು ಕಂಡಿದ್ದೇನೆ. ಒಂಬತ್ತೂವರೆಗೆ ಪ್ರಾರ್ಥನೆಗೆ ನಿಂತಿರಬೇಕೆಂಬ ನಿಯಮ ಕಾಗದದ ಮೇಲೆ ಎಲ್ಲರಿಗೂ ಸಮಾನ. ಆದರೆ ಒಬ್ಬನು ಸ್ನಾನ ಮಾಡಿ, ತಿಂಡಿ ತಿಂದು ಹತ್ತು ನಿಮಿಷ ನಡೆದು ಬರುತ್ತಾನೆ. ಇನ್ನೊಬ್ಬನು ಬೆಳಗಿನ ಜಾವ ಎದ್ದು, ಕೊಟ್ಟಿಗೆ ಬಾಚಿ, ಹಾಲನ್ನು ಡೈರಿಗೆ ಹಾಕಿ, ಮೂರು ಮೈಲಿ ನಡೆದು ಬರುತ್ತಾನೆ.

ನನಗೆ ಪರಿಚಯವಿರುವ ಒಬ್ಬ ಗೂಡ್ಸ್ ಆಟೋ ಚಾಲಕನಿದ್ದಾನೆ. ಈಗ ನಲವತ್ತೈದರ ಆಸುಪಾಸಿನ ವಯಸ್ಸು. ಅವನು ನನ್ನ ವಿದ್ಯಾರ್ಥಿಯಲ್ಲ. ಓದಿದ್ದು ಬೇರೊಂದು ಶಾಲೆಯಲ್ಲಿ. ಮನೆಯ ಬೀರು ಸಾಗಿಸಲು ಬಂದವನು ಕಾಫಿ ಕುಡಿಯುತ್ತಾ ತನ್ನ ಓದಿನ ಕಥೆ ಹೇಳಿದ. ಅವನ ಶಾಲೆಯಲ್ಲಿ ತಡವಾಗಿ ಬಂದವರನ್ನು ಗೇಟಿನ ಹೊರಗೇ ಮೊದಲ ಪೀರಿಯಡ್ ಮುಗಿಯುವವರೆಗೆ ನಿಲ್ಲಿಸಿ, ಕೈಗೆ ಎರಡು ಬಿಟ್ಟು ಒಳಗೆ ಬಿಡುತ್ತಿದ್ದರಂತೆ. ಹಾಲಿನ ಕೆಲಸ ಮುಗಿಸಿ ಬರುತ್ತಿದ್ದ ಇವನು ವಾರಕ್ಕೆ ನಾಲ್ಕು ದಿನ ಹೊರಗೇ. ಮೊದಲ ಪೀರಿಯಡ್ಡು ಗಣಿತ. ಅರ್ಧ ವರ್ಷ ಕಳೆಯುವುದರಲ್ಲಿ ಲೆಕ್ಕ ಕೈತಪ್ಪಿತು. ದಸರಾ ರಜೆಗೆ ಹೋದವನು ಮತ್ತೆ ಶಾಲೆಯ ಕಡೆ ತಲೆಹಾಕಲಿಲ್ಲ. “ಏಟು ಏನ್ ದೊಡ್ಡದಲ್ಲ ಬಿಡಿ ಮೇಷ್ಟ್ರೇ, ಮನೇಲಿ ಅಪ್ಪ ಅದಕ್ಕಿಂತ ಜೋರಾಗಿ ಕೊಡ್ತಿತ್ತು. ಆದ್ರೆ ಒಂದೇ ಒಂದ್ ದಿನಾನೂ ಯಾಕ್ಲಾ ತಡ ಅಂತ ಯಾರೂ ಕೇಳ್ಲಿಲ್ಲ” ಎಂದ. ಸಿಟ್ಟಿನಿಂದ ಹೇಳಿದ ಮಾತಲ್ಲ. ಬೀರು ಎತ್ತುವಾಗ ಬಾಗಿಲ ಚೌಕಟ್ಟಿಗೆ ತಾಗದಂತೆ ಎಚ್ಚರವಹಿಸಿದಷ್ಟೇ ಸಹಜವಾಗಿ ಹೇಳಿದ.

ಆ ಶಾಲೆಯ ಉಪಾಧ್ಯಾಯರು ದುಷ್ಟರಾಗಿದ್ದರೆಂದು ನಾನು ಹೇಳುವುದಿಲ್ಲ. ಸಮಯಪಾಲನೆ ಕಲಿಸುವುದು ಒಳ್ಳೆಯ ಉದ್ದೇಶವೇ. ಆದರೆ ಈ ಹುಡುಗನಿಗೆ ಆ ನಿಯಮ ಸಮಯಪಾಲನೆಯನ್ನೇನೂ ಕಲಿಸಲಿಲ್ಲ. ಗಣಿತವನ್ನು ಮಾತ್ರ ಕಸಿದುಕೊಂಡಿತು. ಶಿಕ್ಷೆಯ ಹೆಸರಿನಲ್ಲಿ ಪಾಠವನ್ನೇ ತಪ್ಪಿಸುವ ಪದ್ಧತಿ ಇಂದಿಗೂ ಎಷ್ಟೋ ಕಡೆ ಉಳಿದಿದೆ. ಅವನಂತಹವರು ಯಾವ ಗುರುವಂದನೆಗೂ ಬಂದು ಭಾಷಣ ಮಾಡುವುದಿಲ್ಲ.

ನಮ್ಮೂರಿನ ಕೆರೆಯನ್ನು ನೋಡುವಾಗಲೆಲ್ಲ ನನಗೆ ಶಾಲೆಯ ಶಿಸ್ತಿನ ನೆನಪಾಗುತ್ತದೆ. ಬೆಂಗಳೂರಿಗೆ ಕುಡಿಯುವ ನೀರೊದಗಿಸಲೆಂದು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆಯಿದು. ಕೆರೆಯೆಂದರೆ ಬರಿಯ ಏರಿಯಲ್ಲ. ಏರಿ ಇಲ್ಲದಿದ್ದರೆ ನೀರು ನಿಲ್ಲುವುದಿಲ್ಲ, ನಿಜ. ಆದರೆ ಬೇಕಾದಾಗ ನೀರು ಬಿಡಲು ತೂಬಿರಬೇಕು. ಹೆಚ್ಚಾದದ್ದು ಹರಿದುಹೋಗಲು ಕೋಡಿಯಿರಬೇಕು. ತೂಬಿಲ್ಲದ ಕೆರೆಯಿಂದ ಗದ್ದೆಗೆ ಪ್ರಯೋಜನವಿಲ್ಲ. ಕೋಡಿಯಿಲ್ಲದ ಕೆರೆ ಒಂದು ದೊಡ್ಡ ಮಳೆಗೆ ಏರಿಯನ್ನೇ ಒಡೆದುಕೊಂಡು ಹೋಗುತ್ತದೆ. ನಿಯಮ ಏರಿಯಾದರೆ, ಪಾಠ ತೂಬು; “ಯಾಕಪ್ಪಾ, ಏನಾಯಿತು?” ಎಂಬ ವಿಚಾರಣೆ ಕೋಡಿ. ಈ ಮೂರೂ ಇರುವ ಉಪಾಧ್ಯಾಯ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಮಕ್ಕಳು ಬೇಸರಪಡುವುದಿಲ್ಲ.

ಬಿ.ಎಡ್. ಓದುವಾಗ ನಾವೆಲ್ಲ ಪರೀಕ್ಷೆಗೆಂದು ಉರು ಹೊಡೆದ ಒಂದು ಪ್ರಯೋಗವಿದೆ. ಅಮೆರಿಕದ ಅಯೋವಾದಲ್ಲಿ ಕರ್ಟ್ ಲೆವಿನ್, ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್ ಎಂಬ ಮೂವರು ನಡೆಸಿ 1939ರಲ್ಲಿ ಪ್ರಕಟಿಸಿದ್ದು. ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳಿಗೆ ಮೂರು ಬಗೆಯ ಮುಂದಾಳುಗಳನ್ನು ಕೊಟ್ಟು ನೋಡಿದರು: ಎಲ್ಲವನ್ನೂ ತಾನೇ ನಿರ್ಧರಿಸಿ ಅಪ್ಪಣೆ ಕೊಡುವವನು, ಹುಡುಗರೊಡನೆ ಚರ್ಚಿಸಿ ಕೆಲಸ ಮಾಡಿಸುವವನು, ಏನೂ ಹೇಳದೆ ಬಿಟ್ಟುಬಿಡುವವನು. ಮುಂದಾಳು ಕೊಠಡಿಯಲ್ಲಿರುವಾಗ ಅಪ್ಪಣೆಯ ಗುಂಪು ಚೆನ್ನಾಗಿಯೇ ಕೆಲಸ ಮಾಡಿತು. ಅವನು ಹೊರಗೆ ಹೋದೊಡನೆ ಕೆಲಸ ಕುಸಿಯಿತು. ಚರ್ಚಿಸಿ ಮಾಡಿಸಿದ ಗುಂಪು ಮುಂದಾಳು ಇಲ್ಲದಾಗಲೂ ಕೆಲಸ ಮುಂದುವರಿಸಿತು. ಬಿಟ್ಟುಬಿಟ್ಟ ಗುಂಪಿನಲ್ಲಿ ಮೊದಲಿನಿಂದಲೂ ಹೆಚ್ಚೇನೂ ಆಗಲಿಲ್ಲ. ಅಪ್ಪಣೆಯಡಿ ಇದ್ದ ಹುಡುಗರು ಮುಂದಾಳುವಿನ ಮೇಲೆ ತೋರಿಸಲಾಗದ ಸಿಟ್ಟನ್ನು ತಮ್ಮಲ್ಲೇ ಒಬ್ಬನ ಮೇಲೆ ತೋರಿಸತೊಡಗಿದ್ದೂ ಕಂಡುಬಂತು.

ಪರೀಕ್ಷೆ ಬರೆದು ಮರೆತ ಈ ಪಾಠ ಕೆಲಸಕ್ಕೆ ಸೇರಿದ ಮೇಲೆ ನನಗೆ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಅತ್ಯಂತ ಭಯ ಹುಟ್ಟಿಸುವ ಉಪಾಧ್ಯಾಯರ ತರಗತಿಯೇ, ಅವರು ಇಲಾಖೆಯ ಸಭೆಗೆ ಹೋದ ದಿನ, ಎಲ್ಲಕ್ಕಿಂತ ಹೆಚ್ಚು ಗಲಾಟೆ ಮಾಡುತ್ತಿತ್ತು. ಆ ಗಲಾಟೆಯಲ್ಲಿ ಪೆಟ್ಟು ತಿನ್ನುತ್ತಿದ್ದವನು ತರಗತಿಯ ಅತ್ಯಂತ ದುರ್ಬಲ ಹುಡುಗ. ನಿಶ್ಶಬ್ದವಾಗಿರುವ ತರಗತಿಯನ್ನು ಕಂಡು ಇನ್ಸ್‌ಪೆಕ್ಟರು ಮೆಚ್ಚಿದರೆ ಸಾಲದು. ಉಪಾಧ್ಯಾಯ ಇಲ್ಲದ ದಿನ ಆ ತರಗತಿ ಏನು ಮಾಡುತ್ತದೆಂದು ನೋಡಬೇಕು.

ಇನ್ನು ವ್ಯಕ್ತಿತ್ವದ ಮಾತು. ಕಟ್ಟುನಿಟ್ಟಿನವರನ್ನು ಮಕ್ಕಳು ದ್ವೇಷಿಸುತ್ತಾರೆ, ಮೃದುವಾದವರನ್ನು ಹಗುರವಾಗಿ ಕಾಣುತ್ತಾರೆ ಎಂಬ ಎರಡು ಭ್ರಮೆಗಳು ನಮ್ಮಲ್ಲಿವೆ. ಎರಡಕ್ಕೂ ನಮ್ಮ ನಾಡಿನಲ್ಲೇ ಉತ್ತರವಿದೆ. ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಡಾ. ಎಚ್. ನರಸಿಂಹಯ್ಯನವರು ಶಿಸ್ತಿಗೆ ಹೆಸರಾದವರು. ಗೌರಿಬಿದನೂರಿನ ಬಳಿಯ ಹೊಸೂರಿನ ಬಡ ಮನೆಯಿಂದ ಬಂದು, ಅಮೆರಿಕದಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ಆದರೂ ಬದುಕಿನ ಬಹುಭಾಗವನ್ನು ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲೇ, ಖಾದಿ ಜುಬ್ಬ ಪಂಚೆಯಲ್ಲೇ ಕಳೆದರು. 2005ರ ಜನವರಿಯಲ್ಲಿ ಅವರು ತೀರಿಕೊಂಡಾಗ ಅತ್ತವರಲ್ಲಿ ಅವರ ಶಿಸ್ತಿಗೆ ಒಳಗಾದವರೇ ಹೆಚ್ಚು. ವಿದ್ಯಾರ್ಥಿಗಳಿಗೆ ವಿಧಿಸಿದ್ದಕ್ಕಿಂತ ಹೆಚ್ಚು ಕಠಿಣವಾದ ನಿಯಮವನ್ನು ಅವರು ತಮಗೆ ವಿಧಿಸಿಕೊಂಡಿದ್ದರು. ಹುಡುಗರು ಅದನ್ನು ದಿನವೂ ಕಣ್ಣಾರೆ ಕಾಣುತ್ತಿದ್ದರು.

ಮೃದುತ್ವಕ್ಕೆ ಟಿ.ಎಸ್. ವೆಂಕಣ್ಣಯ್ಯನವರನ್ನು ನೆನೆಯಬಹುದು. ಅವರು 1939ರಲ್ಲೇ ತೀರಿಕೊಂಡರು. ಹತ್ತು ವರ್ಷಗಳ ಬಳಿಕ, 1949ರಲ್ಲಿ, ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಆ ಗುರುವಿಗೆ. ಯಾವ ಬೆತ್ತವೂ ಗಳಿಸಿಕೊಡಲಾರದ ಗೌರವವಿದು.

ಆದರೆ ಪ್ರೀತಿಯ ಮೇಷ್ಟರೆಂದ ಮಾತ್ರಕ್ಕೆ ಎಲ್ಲವೂ ಸರಿಯೆಂದೂ ಹೇಳಲಾಗದು. ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ 1972ರಲ್ಲಿ ತೆರೆಗೆ ತಂದ ‘ನಾಗರಹಾವು’ ಚಿತ್ರವನ್ನು ನೋಡದ ಕನ್ನಡಿಗರು ವಿರಳ. ಎಲ್ಲರೆದುರು ಅವಮಾನಿಸಿದ ಪ್ರಿನ್ಸಿಪಾಲರನ್ನು ರಾಮಾಚಾರಿ ಕಂಬಕ್ಕೆ ಕಟ್ಟಿಹಾಕುತ್ತಾನೆ. ಬೆತ್ತ ಹಿಡಿಯದ ಚಾಮಯ್ಯ ಮೇಷ್ಟ್ರು ಹೇಳಿದರೆ ಮಾತ್ರ ಪ್ರೀತಿಸಿದ ಅಲಮೇಲುವನ್ನೇ ಬಿಟ್ಟುಕೊಡುತ್ತಾನೆ. ಅಶ್ವತ್ಥರ ಆ ಪಾತ್ರವನ್ನು ನಾವು ಆದರ್ಶ ಗುರುವೆಂದು ಕೊಂಡಾಡಿದ್ದೇವೆ. ಆದರೆ ಆ ಒಂದು ಮಾತಿನಿಂದ ಎರಡು ಜೀವಗಳ ಬಾಳು ಎತ್ತ ಹೋಯಿತೆಂಬುದನ್ನೂ ಚಿತ್ರ ಮುಚ್ಚಿಟ್ಟಿಲ್ಲ. ಮಕ್ಕಳು ಮನಸಾರೆ ಒಪ್ಪಿಕೊಂಡ ಉಪಾಧ್ಯಾಯನ ಮಾತಿನ ಭಾರ ಬೆತ್ತದ ಏಟಿಗಿಂತ ಹೆಚ್ಚು. ಅಂತಹವರು ಇನ್ನಷ್ಟು ಎಚ್ಚರದಿಂದ ಮಾತನಾಡಬೇಕಾಗುತ್ತದೆ.

ಕಟ್ಟುನಿಟ್ಟು ಕೆಲಸದ ಮೇಲಿದ್ದರೆ ಹೇಗಿರುತ್ತದೆಂಬುದಕ್ಕೆ ನಮ್ಮೂರಿನಲ್ಲೇ ಒಂದು ನಿದರ್ಶನವಿದೆ. 1990ರಲ್ಲಿ ಪ್ರೊತಿಮಾ ಬೇಡಿಯವರು ಇಲ್ಲಿ ಸ್ಥಾಪಿಸಿದ ನೃತ್ಯಗ್ರಾಮವು ಗುರುಕುಲದ ಮಾದರಿಯದು. ಮುಂಜಾನೆಯಿಂದ ಅಭ್ಯಾಸ, ಒಂದೇ ಭಂಗಿಯನ್ನು ಸರಿಯಾಗುವವರೆಗೆ ಹತ್ತಾರು ಬಾರಿ ಮಾಡಬೇಕು. ನಮ್ಮ ಯಾವ ಶಾಲೆಯೂ ಅಷ್ಟು ಕಠಿಣವಲ್ಲ. ಆದರೂ ಅಲ್ಲಿ ಕಲಿತವರು ವರ್ಷಗಟ್ಟಲೆ ನಿಂತು, ಒಡಿಸ್ಸಿಯನ್ನು ದೇಶವಿದೇಶಗಳ ವೇದಿಕೆಗೆ ಕೊಂಡೊಯ್ದರು. ಅಲ್ಲಿ ತಿದ್ದುವುದು ಪಾದವನ್ನು, ಸೊಂಟದ ಬಾಗನ್ನು. ತಿದ್ದಿಸಿಕೊಳ್ಳುವವರಿಗೂ ತಾವೇಕೆ ಬೆವರುತ್ತಿದ್ದೇವೆಂದು ಗೊತ್ತು. ಬಯಸಿ ಬಂದವರ ಕಲಿಕೆಗೂ ಕಡ್ಡಾಯದ ಶಾಲೆಗೂ ವ್ಯತ್ಯಾಸವಿದೆ, ಒಪ್ಪುತ್ತೇನೆ. ಆದರೆ “ಈ ಹೆಜ್ಜೆ ತಪ್ಪು” ಎನ್ನುವುದಕ್ಕೂ “ನಿನ್ನ ಜನ್ಮವೇ ತಪ್ಪು” ಎನ್ನುವುದಕ್ಕೂ ಇರುವ ವ್ಯತ್ಯಾಸ ಎರಡು ಕಡೆಯೂ ಒಂದೇ.

ಈಗ ಕಾನೂನಿನ ವಿಷಯ. 2000ದ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಅಲ್ಲಿನ ಶಾಲೆಗಳಲ್ಲಿ ದೈಹಿಕ ಶಿಕ್ಷೆಗೆ ಅವಕಾಶವಿತ್ತಿದ್ದ ನಿಯಮಗಳನ್ನು ತಳ್ಳಿಹಾಕಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. “ಕಾನೂನು ನಮ್ಮ ಕೈ ಕಟ್ಟಿಹಾಕಿತು” ಎಂದು ನನ್ನ ಸಹೋದ್ಯೋಗಿಗಳು ಅನೇಕರು ಗೊಣಗುವುದನ್ನು ಕೇಳಿದ್ದೇನೆ. ಅವರ ಕಷ್ಟ ಸುಳ್ಳಲ್ಲ. ಅರವತ್ತು ಮಕ್ಕಳ ತರಗತಿ, ಮುಗಿಯದ ಪಠ್ಯ, ನಡುವೆ ಚುನಾವಣೆ ಮತ್ತು ಜನಗಣತಿಯ ಕೆಲಸ. ಇದರ ಜೊತೆಗೆ “ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಬಾರ್ಸಿ ಸಾರ್, ನಾವೇನೂ ಕೇಳಲ್ಲ” ಎಂದು ಬಂದು ಹೇಳುವ ತಂದೆತಾಯಿಯರು.

ಹಾಗಿದ್ದೂ ಕಾನೂನು ಕಟ್ಟಿದ್ದು ಬೆತ್ತ ಹಿಡಿದ ಕೈಯನ್ನೇ ಹೊರತು ಸೀಮೆಸುಣ್ಣ ಹಿಡಿದ ಕೈಯನ್ನಲ್ಲ. ನನಗಿರುವ ಆತಂಕ ಬೇರೆ ಎರಡು. ಬೆತ್ತ ಕೆಳಗಿಟ್ಟ ಕೆಲವರು ನಾಲಿಗೆಯನ್ನು ಮೇಲೆತ್ತಿದ್ದಾರೆ. ಅಪ್ಪನ ಕಸುಬನ್ನೆತ್ತಿ ಹಂಗಿಸುವುದು, ಪೋಷಕರ ಸಭೆಯಲ್ಲಿ ಎಲ್ಲರೆದುರು ಅಂಕ ಓದುವುದು, ಕಡಿಮೆ ಅಂಕದವರ ಪಟ್ಟಿಯನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕುವುದು. ಇದರ ಬಾಸುಂಡೆ ಕಾಣುವುದಿಲ್ಲವಾದ್ದರಿಂದ ದೂರೂ ಬರುವುದಿಲ್ಲ. ಇನ್ನು ಕೆಲವರು “ನಮಗೇಕೆ ಉಸಾಬರಿ” ಎಂದು ಕೈಚೆಲ್ಲಿದ್ದಾರೆ. ಬರೆದರೂ ಸರಿ, ಬರೆಯದಿದ್ದರೂ ಸರಿ. ಇದನ್ನು ಒಳ್ಳೆಯತನವೆಂದು ಮಕ್ಕಳು ತಿಳಿಯುತ್ತಾರೆಂದುಕೊಂಡರೆ ಅದು ತಪ್ಪು. ತಮ್ಮನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲವೆಂಬುದು ಅವರಿಗೆ ಬಹುಬೇಗ ತಿಳಿಯುತ್ತದೆ.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಮಕ್ಕಳಿಂದ ಹೆಸರಿಲ್ಲದ ಚೀಟಿ ಬರೆಸುತ್ತಿದ್ದೆ. ಎರಡೇ ಪ್ರಶ್ನೆ: ಉಪಾಧ್ಯಾಯರು ಬೈದರೂ ನಿಮಗೆ ಬೇಸರವಾಗದ್ದು ಯಾವಾಗ? ಬೈಯದಿದ್ದರೂ ಬೇಸರವಾದದ್ದು ಯಾವಾಗ? “ತಪ್ಪು ಲೆಕ್ಕಕ್ಕೆ ಬೈದರೆ ಬೇಸರವಿಲ್ಲ, ಮನೆಯವರ ವಿಷಯ ಎತ್ತಿದರೆ ಬೇಸರ” ಎಂದು ಒಬ್ಬ ಬರೆದಿದ್ದ. “ನಾನು ಕೈ ಎತ್ತಿದಾಗ ನೋಡಿಯೂ ನೋಡದ ಹಾಗೆ ಇರುತ್ತಾರೆ” ಎಂದು ಯಾವುದೋ ಉಪಾಧ್ಯಾಯರ ಬಗ್ಗೆ ಒಬ್ಬಳು ಬರೆದಿದ್ದಳು. ಮತ್ತೊಬ್ಬನು “ಬೈದ ಮಾರನೆಯ ದಿನ ಮಾಮೂಲಿನಂತೆ ಮಾತಾಡಿಸಿದರೆ ಸಾಕು” ಎಂದು ಒಂದೇ ಸಾಲು ಬರೆದಿದ್ದ. ಬಿ.ಎಡ್. ಪುಸ್ತಕದ ಒಂದು ಅಧ್ಯಾಯಕ್ಕಿಂತ ಆ ಸಾಲು ದೊಡ್ಡದೆಂದು ನನಗನ್ನಿಸಿತು.

ಇಂತಹ ಚೀಟಿಗೆ ಖರ್ಚಿಲ್ಲ, ಸುತ್ತೋಲೆ ಬೇಕಿಲ್ಲ. ಒಂದು ರಟ್ಟಿನ ಡಬ್ಬಿ, ಅರ್ಧ ಪೀರಿಯಡ್ಡು ಸಾಕು. ಮಕ್ಕಳೇನು ಬಲ್ಲರೆಂದು ಕೇಳುವವರಿಗೆ ನನ್ನ ಉತ್ತರವಿಷ್ಟೇ: ಇಪ್ಪತ್ತೈದು ವರ್ಷಗಳ ನಂತರ ಅವರು ಹೊದಿಸುವ ಶಾಲನ್ನು ನಂಬುವ ನಾವು, ಇಂದು ಅವರು ಕೊಡುವ ಚೀಟಿಯನ್ನು ನಂಬಲು ಏಕೆ ಹಿಂಜರಿಯಬೇಕು? ಶಾಲು ಬರುವ ಹೊತ್ತಿಗೆ ನಮ್ಮ ಕೈಯಲ್ಲಿ ತರಗತಿಯೇ ಇರುವುದಿಲ್ಲ. ಚೀಟಿ ಬಂದರೆ ಮಾರನೆಯ ದಿನವೇ ಏನನ್ನಾದರೂ ಮಾಡಬಹುದು.

ಸೇವೆಯಲ್ಲಿರುವ ಕಿರಿಯ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಕಟ್ಟುನಿಟ್ಟಾಗಿಯೇ ಇರಿ, ಗಂಟೆಗೆ ಸರಿಯಾಗಿ ಬನ್ನಿ, ಬರೆಸಿ, ತಿದ್ದಿ, ಮತ್ತೆ ಬರೆಸಿ. ಆದರೆ ನಾಳೆ ಬೆಳಿಗ್ಗೆ ಯಾವ ಹುಡುಗನಾದರೂ ತಡವಾಗಿ ಬಂದು ಬಾಗಿಲಲ್ಲಿ ನಿಂತರೆ, ಮೊದಲು ಒಳಗೆ ಕರೆದು ಕೂರಿಸಿ. ಪಾಠ ಮುಗಿದ ಮೇಲೆ, ಉಳಿದವರು ಕೇಳದಂತೆ, ಏಕೆ ತಡವಾಯಿತೆಂದು ವಿಚಾರಿಸಿ. ಅವನು ಹೇಳುವ ಕಾರಣ ಸುಳ್ಳಾಗಿರಬಹುದು. ಆಗ ದಂಡಿಸಲು ಸಮಯ ಇದ್ದೇ ಇದೆ. ನಿಜವಾಗಿದ್ದರೆ ಒಂದು ಹೆಸರು ಮುಂದಿನ ವರ್ಷದ ಹಾಜರಿ ಪುಸ್ತಕದಲ್ಲಿ ಉಳಿಯುತ್ತದೆ.